ಸಿವಿಲ್ ದಾವೆ: ವಕೀಲರು ಮಾಡುವ ಕೆಲಸವೇನು, ಕಕ್ಷಿದಾರರು ಒದಗಿಸಬೇಕಾದ್ದೇನು

ವಕೀಲರ ಆಫೀಸಿಗೆ ಮೊದಲ ಸಲ ಹೋಗುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಕ್ರಯಪತ್ರದ ಜೆರಾಕ್ಸ್, ಯಾವುದೋ ಒಂದು ವರ್ಷದ ಪಹಣಿ, ಮಡಿಕೆಯಲ್ಲೇ ಹರಿದ ಪಾಲುಪಟ್ಟಿ, ಕಂದಾಯ ಕಟ್ಟಿದ ಒಂದೆರಡು ರಸೀದಿ. ಬಾಯಲ್ಲಿ ಮೂವತ್ತು ವರ್ಷದ ಕಥೆ. ಆ ಕಥೆಯನ್ನು ತಾರೀಕು, ದಾಖಲೆ, ಬೇಡಿಕೆ ಎಂಬ ಮೂರಕ್ಕೆ ಇಳಿಸುವುದೇ ಸಿವಿಲ್ ವಕೀಲರ ಅಸಲು ಕೆಲಸ. ಕೋರ್ಟಿನಲ್ಲಿ ನಿಂತು ವಾದ ಮಾಡುವುದು ಅದರ ಕೊನೆಯ ಭಾಗ, ಸಮಯದ ಲೆಕ್ಕದಲ್ಲಿ ಚಿಕ್ಕ ಭಾಗ ಕೂಡ. ಶುರುವಿನಲ್ಲಿ ತಪ್ಪಿದ್ದನ್ನು ಎಂಥ ಮಾತುಗಾರರೂ ಕೊನೆಯಲ್ಲಿ ಸರಿ ಮಾಡಲಾರರು.

ಇಲ್ಲಿರುವುದು ಕರ್ನಾಟಕದ ಸಿವಿಲ್ ಕೋರ್ಟುಗಳಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ನಡೆಯುವ ದಾವೆಗಳ ವಿಚಾರ: ಜಮೀನು, ಮನೆ, ಪಾಲು, ಸಾಲ, ಕರಾರು.

ಮೊದಲ ಭೇಟಿಗೆ ಮುಂಚೆ

ಒಂದು ಬಿಳಿ ಹಾಳೆಯಲ್ಲಿ ತಾರೀಕುಪಟ್ಟಿ ಬರೆಯಿರಿ. ಎಡಕ್ಕೆ ತಾರೀಕು, ನಡುವೆ ಏನಾಯಿತು, ಬಲಕ್ಕೆ ಅದನ್ನು ತೋರಿಸುವ ಕಾಗದ ಯಾವುದು. ಕಾಗದ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಿರಿ, ಆಗ ಯಾರು ಸಾಕ್ಷಿ ಹೇಳಬಲ್ಲರು ಎಂದು ಸೇರಿಸಿ. ಎದುರಾಳಿಗೆ ಅನುಕೂಲವಾದ ಘಟನೆಗಳನ್ನೂ ಬಿಡಬೇಡಿ. ಖಾಲಿ ಹಾಳೆಗೆ ಸಹಿ ಹಾಕಿಕೊಟ್ಟದ್ದು, ಒಮ್ಮೆ ರಾಜಿಗೆ ಒಪ್ಪಿದ್ದು, ತಹಶೀಲ್ದಾರರ ಮುಂದೆ ಬೇರೆ ಹೇಳಿಕೆ ಕೊಟ್ಟದ್ದು, ಎಲ್ಲವೂ ಬರಲಿ. ವಕೀಲರಿಗೆ ಹೇಳಿದ್ದು ಗುಟ್ಟಾಗಿಯೇ ಉಳಿಯುತ್ತದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದಕ್ಕೆ ರಕ್ಷಣೆ ಕೊಡುತ್ತದೆ. ನೀವು ಮುಚ್ಚಿಟ್ಟದ್ದು ಪಾಟಿ ಸವಾಲಿನ ದಿನ, ಅಂದರೆ ಎದುರು ವಕೀಲರು ನಿಮ್ಮನ್ನು ಪ್ರಶ್ನಿಸುವ ದಿನ, ಅವರ ಬಾಯಿಂದ ಬಂದರೆ ನಿಮ್ಮ ವಕೀಲರಿಗೆ ಆ ಕ್ಷಣದಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ.

ಜಮೀನಿನ ತಕರಾರಾದರೆ ಇಷ್ಟು ಬೇಕು: ಮೂಲ ಕ್ರಯಪತ್ರ ಮತ್ತು ಅದರ ಹಿಂದಿನ ಪತ್ರಗಳು, ಹಿಂದಿನ ವರ್ಷಗಳನ್ನೂ ಸೇರಿಸಿ ಸರಣಿಯಾಗಿ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ನಕಲು, ಋಣಭಾರ ಪತ್ರ (ಇ.ಸಿ.), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಟಿಪ್ಪಣಿ (ಅಳತೆಯ ಮೂಲ ದಾಖಲೆ), ಸರ್ವೆ ನಕ್ಷೆ, ವಂಶವೃಕ್ಷ. ಪಹಣಿಯಲ್ಲಿ ಹೆಸರಿದ್ದರೆ ಮಾಲೀಕತ್ವ ಸಿಕ್ಕಿತು ಎಂದು ಬಹಳ ಮಂದಿ ನಂಬಿದ್ದಾರೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಅದರಲ್ಲಿನ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಕೋರ್ಟು ಊಹಿಸುತ್ತದೆ, ಅಷ್ಟೇ. ಹಕ್ಕು ಬರುವುದು ಕ್ರಯ, ದಾನ, ವಿಭಾಗ, ಉಯಿಲು, ಉತ್ತರಾಧಿಕಾರ ಇಂಥ ಮೂಲಗಳಿಂದ. ವಕೀಲರು ಪಹಣಿಯನ್ನು ಪಕ್ಕಕ್ಕಿಟ್ಟು ಹಳೆಯ ಪತ್ರ ಕೇಳುವುದು ಇದೇ ಕಾರಣಕ್ಕೆ.

ವಕಾಲತ್ತಿಗೆ, ಅಂದರೆ ನಿಮ್ಮ ಪರವಾಗಿ ದಾವೆ ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಮಾಡುವ ಮುಂಚೆ ಓದಿ. ಅಚ್ಚಾದ ನಮೂನೆಯಲ್ಲಿ ರಾಜಿ ಮಾಡಿಕೊಳ್ಳುವ, ಹಣ ಪಡೆಯುವ, ದಾವೆ ಹಿಂತೆಗೆಯುವ ಅಧಿಕಾರವೂ ಇರಬಹುದು. ಬೇಡವೆನಿಸಿದ ಸಾಲನ್ನು ಹೊಡೆದು ಹಾಕಲು ಕೇಳಬಹುದು. ಖಾಲಿ ಪ್ರಮಾಣಪತ್ರಕ್ಕೆ (ಅಫಿಡವಿಟ್) ಮಾತ್ರ ಯಾವತ್ತೂ ಸಹಿ ಬೇಡ; ಅದರೊಳಗೆ ಬರುವುದು ನೀವು ಪ್ರಮಾಣ ಮಾಡಿ ಹೇಳಿದ ಮಾತು.

ಫೀಜನ್ನು ಮೊದಲೇ ಬರೆದಿಟ್ಟುಕೊಳ್ಳಿ: ದಾವೆ ಹೂಡಲು ಎಷ್ಟು, ತಡೆಯಾಜ್ಞೆ ಅರ್ಜಿಗೆ ಬೇರೆಯೇ, ಸಾಕ್ಷ್ಯದ ಹಂತಕ್ಕೆ ಎಷ್ಟು, ಕೋರ್ಟ್ ಶುಲ್ಕ ಮತ್ತು ಕಮಿಷನರ್ (ಸ್ಥಳ ಪರಿಶೀಲನೆಗೆ ಕೋರ್ಟು ನೇಮಿಸುವವರು) ಖರ್ಚು ಯಾರದು. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ವಕೀಲರ ನೆರವನ್ನು ಉಚಿತವಾಗಿ ಪಡೆಯಬಹುದು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರಾಯಿತು.

ಅವಧಿ ಮೀರಿದೆಯೇ?

ಕಾಗದ ನೋಡಿದ ಕೂಡಲೇ ಅನುಭವಿ ವಕೀಲರು ಕೇಳುವ ಮೊದಲ ಪ್ರಶ್ನೆ 'ಇದು ಯಾವಾಗ ಆದದ್ದು?' ಎಂಬುದು. 1963ರ ಕಾಲಮಿತಿ ಕಾಯ್ದೆಯಂತೆ ಕೈಸಾಲದ ಹಣಕ್ಕೆ ಸಾಲ ಕೊಟ್ಟ ದಿನದಿಂದ 3 ವರ್ಷ. ಕ್ರಯದ ಕರಾರನ್ನು ಜಾರಿ ಮಾಡಿಸಲು ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ 3 ವರ್ಷ. ದಿನ ಗೊತ್ತುಮಾಡದಿದ್ದರೆ ಎದುರಿನವರು ನಿರಾಕರಿಸಿದ್ದು ತಿಳಿದಂದಿನಿಂದ. ಹಕ್ಕಿನ ಘೋಷಣೆಗೆ 3 ವರ್ಷ, ಎಣಿಕೆ ಶುರುವಾಗುವುದು ದಾವೆ ಹೂಡುವ ಹಕ್ಕು ಮೊದಲ ಬಾರಿಗೆ ಹುಟ್ಟಿದ ದಿನದಿಂದ. ಹಕ್ಕಿನ ಆಧಾರದ ಮೇಲೆ ಸ್ವಾಧೀನ ವಾಪಸ್ ಪಡೆಯಲು, ಎದುರಿನವರ ಸ್ವಾಧೀನ ನಿಮ್ಮ ಹಕ್ಕಿಗೆ ವಿರುದ್ಧವಾದ ದಿನದಿಂದ 12 ವರ್ಷ.

ಇಲ್ಲಿ ಜನ ಎಡವುವುದು ಎರಡು ಕಡೆ. ಲಾಯರ್ ನೋಟಿಸ್ ಕಳಿಸಿದ್ದೇವೆ, ಇನ್ನು ಅವಧಿ ನಿಂತಿತು ಎಂದುಕೊಳ್ಳುವುದು ಒಂದು. ಸಾಮಾನ್ಯ ನೋಟಿಸಿನಿಂದ ಒಂದು ದಿನವೂ ಹೆಚ್ಚಾಗುವುದಿಲ್ಲ. ಸಾಲಗಾರ 'ಕೊಡ್ತೀನಿ, ಸ್ವಲ್ಪ ತಡೀರಿ' ಎಂದ ಮಾತನ್ನು ನಂಬಿ ಕೂರುವುದು ಇನ್ನೊಂದು. ಅವಧಿ ಮುಗಿಯುವುದರೊಳಗೆ ಅವರು ಸಾಲವನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ 18ನೇ ಕಲಂ ಪ್ರಕಾರ ಅಂದಿನಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಬಾಯಿಮಾತಿಗೆ ಆ ಬಲ ಇಲ್ಲ. ಅವಧಿಯ ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಬಾಗಿಲು ತೆರೆದ ದಿನವೇ ದಾಖಲಿಸಬೇಕು.

ಚೆಕ್ ಬೌನ್ಸ್ ಆದರೆ ಲೆಕ್ಕ ಇನ್ನೂ ಬಿಗಿ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ಫಿರ್ಯಾದು. ಇದು ಸಿವಿಲ್ ದಾವೆಯಲ್ಲ, ಆದರೂ ಹಣದ ದಾವೆಗೆ ಬರುವವರಲ್ಲಿ ಅನೇಕರು ಈ ದಾರಿಯನ್ನು ಆಗಲೇ ಕಳೆದುಕೊಂಡಿರುತ್ತಾರೆ. ಬ್ಯಾಂಕಿನ ಮೆಮೊ ಕೈಗೆ ಬಂದ ವಾರದಲ್ಲೇ ವಕೀಲರನ್ನು ನೋಡಿ.

ನೋಟಿಸ್ ಕಳಿಸುವಾಗ

ಸರ್ಕಾರದ ಮೇಲೆ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ 2 ತಿಂಗಳ ಮುಂಗಡ ನೋಟಿಸ್ ಬೇಕು. ತೀರಾ ತುರ್ತಾದರೆ ಕೋರ್ಟಿನ ಅನುಮತಿ ಪಡೆದು ಮುಂದುವರಿಯಬಹುದು. ಖಾಸಗಿಯವರ ಮೇಲಿನ ಹೆಚ್ಚಿನ ದಾವೆಗಳಿಗೆ ನೋಟಿಸ್ ಕಡ್ಡಾಯವಲ್ಲ. ನಾಳೆ ಬೆಳಿಗ್ಗೆ ಜೆಸಿಬಿ ತಂದು ಕಾಂಪೌಂಡ್ ಒಡೆಯುತ್ತಾರೆ ಎಂಬ ಭಯ ಇರುವಾಗ ನೋಟಿಸ್ ಕಳಿಸಿ ಉತ್ತರಕ್ಕೆ ಕಾಯುವುದು ಎದುರಾಳಿಗೆ ಎಚ್ಚರಿಕೆಯ ಗಂಟೆ ಬಾರಿಸಿದಂತೆ. ಅಂಚೆ ರಸೀದಿ ಮತ್ತು ಸ್ವೀಕೃತಿ ಚೀಟಿಯನ್ನು ಜೋಪಾನವಾಗಿಡಿ. 'ನಿರಾಕರಿಸಿದ್ದಾರೆ' ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಒಡೆಯಬೇಡಿ. ಮುಚ್ಚಿದ ಲಕೋಟೆಯನ್ನೇ ಸಾಕ್ಷ್ಯದ ಹೊತ್ತಿಗೆ ಹಾಜರುಪಡಿಸುತ್ತಾರೆ.

ನಿಮಗೆ ನೋಟಿಸ್ ಬಂದಿದ್ದರೆ ಉತ್ತರಿಸದೆ ಬಿಡಬೇಡಿ. 'ಅಂದೇ ಯಾಕೆ ಅಲ್ಲಗಳೆಯಲಿಲ್ಲ?' ಎಂಬ ಪ್ರಶ್ನೆ ವಿಚಾರಣೆಯಲ್ಲಿ ಬಂದೇ ಬರುತ್ತದೆ.

ವಾದಪತ್ರ ತಯಾರಾಗುವುದು ಹೀಗೆ

ವಾದಪತ್ರದಲ್ಲಿ, ಅಂದರೆ ದಾವೆ ಹೂಡುವಾಗ ಕೋರ್ಟಿಗೆ ಕೊಡುವ ಬರವಣಿಗೆಯಲ್ಲಿ, ಸಂಗತಿಗಳು ಇರಬೇಕು, ಸಾಕ್ಷ್ಯದ ವಿವರ ಬೇಡ. ಯಾವ ಸಂಗತಿ ಸಾಬೀತಾದರೆ ಕೋರ್ಟು ನಿಮ್ಮ ಬೇಡಿಕೆಯನ್ನು ಕೊಡಲೇಬೇಕೋ ಅಷ್ಟನ್ನೂ ವಕೀಲರು ಕ್ರಮವಾಗಿ ಹೇಳುತ್ತಾರೆ, ದಾವೆಗೆ ಕಾರಣ ಹುಟ್ಟಿದ ತಾರೀಕು ಮತ್ತು ಜಾಗವನ್ನು ಬೇರೆಯಾಗಿ ಬರೆಯುತ್ತಾರೆ. ಕರಡು ಕೈಗೆ ಬಂದಾಗ ಕಾನೂನಿನ ಭಾಗವನ್ನು ಅವರಿಗೆ ಬಿಡಿ. ಹೆಸರು, ತಾರೀಕು, ಮೊತ್ತ, ಷೆಡ್ಯೂಲ್ ಈ ನಾಲ್ಕನ್ನು ನೀವೇ ಕೂತು ಮೂಲ ಕಾಗದದ ಜೊತೆ ಹೋಲಿಸಿ.

ಷೆಡ್ಯೂಲ್ ಅಂದರೆ ಆಸ್ತಿಯ ವಿವರ: ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ). ಅತಿ ಹೆಚ್ಚು ಅನಾಹುತ ಆಗುವ ಜಾಗ ಇದೇ. 1990ರ ಪತ್ರದಲ್ಲಿ 'ಪೂರ್ವಕ್ಕೆ ರಾಮಣ್ಣನ ಜಮೀನು' ಎಂದಿರುತ್ತದೆ ಎಂದಿಟ್ಟುಕೊಳ್ಳಿ. ರಾಮಣ್ಣ ಅದನ್ನು ಮಾರಿ ಅಲ್ಲೀಗ ಲೇಔಟ್ ರಸ್ತೆ ಬಂದಿದೆ. ಹಳೆಯ ಚೆಕ್ಕುಬಂದಿಯನ್ನು ಹಾಗೇ ಇಳಿಸಿದರೆ ಸ್ಥಳಕ್ಕೆ ಹೋದ ಕಮಿಷನರಿಗೆ ಆಸ್ತಿಯ ಗುರುತೇ ಸಿಗುವುದಿಲ್ಲ. ಹೊಸದನ್ನು ಮಾತ್ರ ಬರೆದರೆ ಪತ್ರಕ್ಕೂ ದಾವೆಗೂ ತಾಳೆಯಾಗದು. ಪತ್ರದಲ್ಲಿದ್ದದ್ದನ್ನೂ ಇಂದು ಇರುವುದನ್ನೂ ಬರೆದು, ಹೇಗೆ ಬದಲಾಯಿತು ಎಂದು ಒಂದು ಪ್ಯಾರಾದಲ್ಲಿ ವಿವರಿಸಬೇಕು. ಒತ್ತುವರಿಯಾದರೆ ಇಡೀ ಜಮೀನಿನ ಷೆಡ್ಯೂಲ್ ಒಂದು, ಒತ್ತುವರಿಯಾದ ತುಂಡಿನ ಉದ್ದ, ಅಗಲ, ಚೆಕ್ಕುಬಂದಿಯ ಷೆಡ್ಯೂಲ್ ಇನ್ನೊಂದು. ಜೊತೆಗೆ ಕೈನಕ್ಷೆ. ತುಂಡಿನ ಗುರುತಿಲ್ಲದೆ ಬಂದ ಡಿಕ್ರಿಯನ್ನು (ತೀರ್ಪಿನಂತೆ ಜಾರಿಯಾಗಬೇಕಾದ ಆಜ್ಞೆ) ಮುಂದೆ ಕೋರ್ಟಿನ ಅಮೀನರು ಎಲ್ಲಿ ಜಾರಿ ಮಾಡಬೇಕು?

ಬೇಡಿಕೆಯ ಆಯ್ಕೆಯಲ್ಲಿ ವಕೀಲರ ನೈಪುಣ್ಯ ಕಾಣುತ್ತದೆ. ಸ್ವಾಧೀನ ನಿಮ್ಮಲ್ಲಿದ್ದು ಹಕ್ಕಿನ ಬಗ್ಗೆ ಗಂಭೀರ ತಕರಾರು ಇಲ್ಲದಿದ್ದರೆ ಬರೀ ಶಾಶ್ವತ ನಿರ್ಬಂಧಕಾಜ್ಞೆ (ಎದುರಿನವರು ಅಡ್ಡಿ ಮಾಡದಂತೆ ತಡೆಯುವ ಖಾಯಂ ಆಜ್ಞೆ) ಸಾಕು. ಹಕ್ಕಿನ ಮೇಲೇ ಮೋಡ ಕವಿದಿದ್ದರೆ ಹಕ್ಕು ನಿಮ್ಮದೆಂಬ ಘೋಷಣೆಯನ್ನೂ ಕೇಳಬೇಕು. ಸ್ವಾಧೀನ ಕಳೆದುಕೊಂಡಿದ್ದರೆ ಸ್ವಾಧೀನವನ್ನೂ ಕೇಳಬೇಕು. ಸುಪ್ರೀಂ ಕೋರ್ಟ್ 2008ರ ತೀರ್ಪೊಂದರಲ್ಲಿ ಈ ವಿಂಗಡಣೆಯನ್ನು ಬಿಡಿಸಿ ಹೇಳಿದೆ. ಕೋರ್ಟ್ ಶುಲ್ಕ ಉಳಿಸಲು ಸ್ವಾಧೀನದ ಬೇಡಿಕೆ ಬಿಟ್ಟು ಬರೀ ಘೋಷಣೆ ಕೇಳಿದ ದಾವೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂಗೆ ಸಿಕ್ಕಿ ವರ್ಷಗಳ ನಂತರ ವಜಾ ಆಗಬಹುದು. ಒಂದೇ ಕಾರಣದಿಂದ ಹುಟ್ಟಿದ ಬೇಡಿಕೆಗಳಲ್ಲಿ ಈಗ ಬಿಟ್ಟದ್ದನ್ನು ಆಮೇಲೆ ಬೇರೆ ದಾವೆಯಲ್ಲಿ ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಆದೇಶದ (ಸಂಹಿತೆಯಲ್ಲಿ ನಿಯಮಗಳ ಗುಂಪಿಗೆ 'ಆದೇಶ' ಎನ್ನುತ್ತಾರೆ) 2ನೇ ನಿಯಮ ಅಡ್ಡ ಬರುತ್ತದೆ.

ವಿಭಾಗದ ದಾವೆಯಲ್ಲಿ ಪಾಲುದಾರರೆಲ್ಲರೂ ಕಕ್ಷಿಗಳಾಗಬೇಕು, ಮದುವೆಯಾಗಿ ಹೋದ ಅಕ್ಕತಂಗಿಯರೂ ಸೇರಿ. ಹಂಚಬೇಕಾದ ಆಸ್ತಿಯೂ ಪೂರ್ತಿ ಬರಬೇಕು. 'ಅಕ್ಕ ಕೇಳುವುದಿಲ್ಲ ಬಿಡಿ, ಅವರ ಹೆಸರು ಯಾಕೆ' ಎಂದು ಕಕ್ಷಿದಾರರು ಹೇಳಿದಾಗ ಒಳ್ಳೆಯ ವಕೀಲರು ಒಪ್ಪುವುದಿಲ್ಲ.

ನಿಮ್ಮ ಕೈಯಲ್ಲಿರುವ ದಾಖಲೆಗಳನ್ನು ವಾದಪತ್ರದ ಜೊತೆಯಲ್ಲೇ ಪಟ್ಟಿ ಮಾಡಿ ಕೊಡಬೇಕು. ಆಮೇಲೆ ತಂದರೆ ಕೋರ್ಟಿನ ಅನುಮತಿ ಬೇಕು. ಸಾಕಷ್ಟು ಸ್ಟಾಂಪ್ ಇಲ್ಲದ ಕರಾರುಪತ್ರವನ್ನು 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯಂತೆ ಕೋರ್ಟು ತಡೆಹಿಡಿಯುತ್ತದೆ. ಕಡಿಮೆ ಬಿದ್ದ ಸುಂಕ ಮತ್ತು ಅದರ ಹತ್ತರಷ್ಟು ದಂಡ ಕಟ್ಟಿದ ಮೇಲೆಯೇ ಅದು ಸಾಕ್ಷ್ಯಕ್ಕೆ ಬರುತ್ತದೆ. ಈ ಖರ್ಚು ಎಷ್ಟಾಗಬಹುದೆಂದು ದಾವೆ ಹೂಡುವ ಮುಂಚೆಯೇ ಕೇಳಿಕೊಳ್ಳಿ.

ತಾತ್ಕಾಲಿಕ ತಡೆಯಾಜ್ಞೆ

39ನೇ ಆದೇಶದಡಿ ಅರ್ಜಿ ಹಾಕಿದಾಗ ನ್ಯಾಯಾಧೀಶರು ಮೂರು ಸಂಗತಿ ನೋಡುತ್ತಾರೆ: ಮೇಲ್ನೋಟಕ್ಕೆ ಪ್ರಕರಣ ಇದೆಯೇ, ಆಜ್ಞೆ ಕೊಡುವುದರಿಂದ ಮತ್ತು ಕೊಡದಿರುವುದರಿಂದ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟ ಹಣದಿಂದ ತುಂಬುವಂಥದ್ದೇ. ನಿನ್ನೆ ತೆಗೆದ ಫೋಟೊ, ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಸ್ವೀಕೃತಿ, ಇತ್ತೀಚಿನ ಪಹಣಿ ಇಲ್ಲಿ ಬಹಳ ಕೆಲಸ ಮಾಡುತ್ತವೆ.

ಎದುರಿನವರನ್ನು ಕೇಳದೆ ಏಕಪಕ್ಷೀಯ ಆಜ್ಞೆ ಸಿಕ್ಕಿತೆಂದು ಮನೆಗೆ ಹೋಗಿ ಮಲಗುವ ಹಾಗಿಲ್ಲ. ಅರ್ಜಿ, ಪ್ರಮಾಣಪತ್ರ, ವಾದಪತ್ರ, ದಾಖಲೆಗಳ ಪ್ರತಿಯನ್ನು ಕೂಡಲೇ ಎದುರಿನವರಿಗೆ ತಲುಪಿಸಬೇಕು ಇಲ್ಲವೇ ಅಂಚೆಯಲ್ಲಿ ಕಳಿಸಬೇಕು. ಹಾಗೆ ಮಾಡಿದ್ದೇವೆಂದು ಅದೇ ದಿನ ಅಥವಾ ಮರುದಿನ ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕು. ಈ ಸಣ್ಣ ಕೆಲಸ ತಪ್ಪಿ ಆಜ್ಞೆ ತೆರವಾಗುವುದುಂಟು. ಯಾರಾದರೂ ನಿಮ್ಮ ಮೇಲೆ ಇಂಥ ಆಜ್ಞೆ ತರಬಹುದೆಂಬ ಅನುಮಾನ ಇದ್ದರೆ ಸಂಹಿತೆಯ 148ಎ ಕಲಂ ಅಡಿ ಕೇವಿಯಟ್ (ನಮ್ಮನ್ನು ಕೇಳದೆ ಆಜ್ಞೆ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿ. ಅದರ ಆಯಸ್ಸು 90 ದಿನ, ಮುಗಿದರೆ ಹೊಸದಾಗಿ ಹಾಕಬೇಕು.

ನೀವು ಪ್ರತಿವಾದಿಯಾದರೆ

ಸಮನ್ಸ್ ತಲುಪಿದ ತಾರೀಕನ್ನು ಅದರ ಮೇಲೆಯೇ ಬರೆದಿಡಿ. ಲಿಖಿತ ಹೇಳಿಕೆಗೆ, ಅಂದರೆ ವಾದಪತ್ರಕ್ಕೆ ಕೊಡುವ ಉತ್ತರಕ್ಕೆ, 30 ದಿನ, ಕಾರಣ ಕೊಟ್ಟು ಹೆಚ್ಚೆಂದರೆ 90 ದಿನ. ಸಾಮಾನ್ಯ ದಾವೆಗಳಲ್ಲಿ ಅದನ್ನೂ ದಾಟಿದ ವಿಳಂಬವನ್ನು ಕೋರ್ಟು ಅಪರೂಪಕ್ಕೆ ಮನ್ನಿಸುತ್ತದೆ. ವಾಣಿಜ್ಯ ದಾವೆಯಲ್ಲಿ 120 ದಿನ ಮುಗಿದರೆ ಬಾಗಿಲು ಮುಚ್ಚಿತು.

'ವಾದಿಯ ಹೇಳಿಕೆಯೆಲ್ಲ ಸುಳ್ಳು' ಎಂಬ ಒಂದು ಸಾಲಿನ ನಿರಾಕರಣೆ ಯಾವ ಕೆಲಸಕ್ಕೂ ಬಾರದು. ಪ್ರತಿ ಪ್ಯಾರಾಕ್ಕೂ ಬೇರೆ ಬೇರೆಯಾಗಿ ಉತ್ತರ ಕೊಡಬೇಕು. ನಿರ್ದಿಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆ ಎಂದು 8ನೇ ಆದೇಶದ 5ನೇ ನಿಯಮ ಹೇಳುತ್ತದೆ. ಹಣ ಪಡೆದದ್ದು ನಿಜ, ಆದರೆ ತೀರಿಸಿದ್ದೀರಿ ಎಂದಾದರೆ ಹಾಗೇ ಹೇಳಿ, ಯಾವ ದಿನ ಹೇಗೆ ತೀರಿಸಿದಿರಿ ಎಂದು ಬರೆಸಿ. ಪಡೆದೇ ಇಲ್ಲ ಎಂದು ಶುರು ಮಾಡಿ ಆಮೇಲೆ ರಸೀದಿ ತೋರಿಸಿದರೆ ಎರಡೂ ಕೆಡುತ್ತವೆ.

ಸಾಕ್ಷ್ಯ ಮತ್ತು ಪಾಟಿ ಸವಾಲು

ಎರಡೂ ಕಡೆಯ ಬರವಣಿಗೆ ಬಂದ ಮೇಲೆ ಕೋರ್ಟು ವಿವಾದಾಂಶಗಳನ್ನು ರಚಿಸುತ್ತದೆ. ಅದರ ನಕಲು ಪಡೆದು ಮನೆಯಲ್ಲಿ ಕಣ್ಣೆದುರಿಗೆ ಅಂಟಿಸಿಕೊಂಡರೂ ತಪ್ಪಿಲ್ಲ. ಯಾವ ಅಂಶವನ್ನು ಯಾರು ಸಾಬೀತು ಮಾಡಬೇಕು ಎಂಬುದು ಅದರಲ್ಲೇ ಇದೆ, ಮುಂದಿನ ಎಲ್ಲ ಕೆಲಸವೂ ಅದರ ಸುತ್ತಲೇ.

ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನ ಕಡೆಯ ಮಾತನ್ನು ಹೇಳುವುದು, ಪ್ರಮಾಣಪತ್ರದ ಮೂಲಕ ನಡೆಯುತ್ತದೆ. ವಕೀಲರು ಅದನ್ನು ವಾದಪತ್ರದಿಂದಲೇ ಕಟ್ಟುತ್ತಾರೆ, ಆದರೆ ಮಾತು ನಿಮ್ಮದು. ಕನ್ನಡದಲ್ಲೇ ತಯಾರಿಸಲು ಕೇಳಿ. ಇಂಗ್ಲಿಷಿನಲ್ಲಿದ್ದರೆ ಸಾಲು ಸಾಲಾಗಿ ಅರ್ಥ ಹೇಳಿಸಿಕೊಳ್ಳಿ. 'ನಿಮ್ಮ ಪ್ರಮಾಣಪತ್ರದಲ್ಲಿ ಏನಿದೆ?' ಎಂಬ ಮೊದಲ ಪ್ರಶ್ನೆಗೇ 'ಗೊತ್ತಿಲ್ಲ, ವಕೀಲರು ಬರೆದದ್ದು' ಎಂದ ಸಾಕ್ಷಿಯನ್ನು ಯಾರು ನಂಬುತ್ತಾರೆ?

ದಾಖಲೆಗಳು ನಿಶಾನೆ ಪಿ.1, ಪಿ.2 ಎಂದು ಗುರುತಾಗುವಾಗ ಮೂಲ ಪ್ರತಿ ಕೈಯಲ್ಲಿರಬೇಕು. ವಾಟ್ಸ್ಯಾಪ್ ಸಂದೇಶ, ಕರೆಯ ಧ್ವನಿಮುದ್ರಣ, ಸಿಸಿಟಿವಿ ಚಿತ್ರದ ಪ್ರಿಂಟೌಟಿಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರದ ದೃಢೀಕರಣ ಪತ್ರ ಬೇಕು. 2024ರ ಜುಲೈ 1ರಿಂದ ಬಂದ ಹೊಸ ನಮೂನೆಯಲ್ಲಿ ಎರಡು ಭಾಗ, ಒಂದು ಕಕ್ಷಿಯದು, ಇನ್ನೊಂದು ತಜ್ಞರದು; ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ನಮೂದಿಸಬೇಕು. ಸಂದೇಶ ಇರುವ ಫೋನನ್ನು ದಾವೆ ಮುಗಿಯುವವರೆಗೆ ಮಾರಬೇಡಿ, ರೀಸೆಟ್ ಮಾಡಬೇಡಿ.

ಪಾಟಿ ಸವಾಲು ಸಿನಿಮಾದಲ್ಲಿ ಕಾಣುವ ಹಾಗೆ ಗದ್ದಲದ ವಿಷಯವಲ್ಲ. ಸಾಕ್ಷಿ ಇಲ್ಲವೆನ್ನಲಾಗದ ಸಣ್ಣ ಸಣ್ಣ ಸಂಗತಿಗಳನ್ನು ಒಂದೊಂದಾಗಿ ಒಪ್ಪಿಸುತ್ತಾ ಹೋಗುವ ಕೆಲಸ. ಜಮೀನು ಕೊಳ್ಳುವ ಕರಾರಿನ ದಾವೆಯಲ್ಲಿ ವಾದಿಯ ಹೇಳಿಕೆ ಹೀಗೆ ದಾಖಲಾಗುತ್ತದೆ ಎಂದುಕೊಳ್ಳಿ: 'ಬಾಕಿ ಹಣವನ್ನು ಆರು ತಿಂಗಳಲ್ಲಿ ಕೊಡಬೇಕಿತ್ತು ಎಂದರೆ ಸರಿ. ಆ ಅವಧಿಯಲ್ಲಿ ನನಗೆ ಒಂದೇ ಬ್ಯಾಂಕ್ ಖಾತೆ ಇತ್ತು ಎಂದರೆ ಸರಿ. ಆ ಖಾತೆಯ ವಿವರವನ್ನು ಹಾಜರುಪಡಿಸಿಲ್ಲ ಎಂದರೆ ಸರಿ. ನನ್ನ ಬಳಿ ಹಣ ಇರಲಿಲ್ಲ ಎಂದರೆ ಸರಿಯಲ್ಲ.' ಕೊನೆಯ ನಿರಾಕರಣೆಯಿಂದ ಏನೂ ಉಳಿಯಲಿಲ್ಲ. ಕೊಳ್ಳುವವರು ಸದಾ ಸಿದ್ಧರಿದ್ದರು ಎಂಬುದನ್ನು ಅವರೇ ಸಾಬೀತು ಮಾಡಬೇಕು, ಅದಕ್ಕೆ ಬೇಕಾದ ದಾಖಲೆ ಇಲ್ಲ ಎಂದು ಮೊದಲ ಮೂರು 'ಸರಿ'ಗಳಲ್ಲೇ ಒಪ್ಪಿಯಾಯಿತು. ಆ ಬ್ಯಾಂಕ್ ವಿವರವನ್ನು ಮೊದಲ ಭೇಟಿಯಲ್ಲೇ ವಕೀಲರು ಕೇಳಿರುತ್ತಾರೆ. ತಂದುಕೊಡುವುದು ಕಕ್ಷಿದಾರರಿಗೆ ಬಿಟ್ಟದ್ದು.

ಉತ್ತರ 'ಸರಿಯಲ್ಲ' ಎಂದೇ ಬರುತ್ತದೆ ಎಂದು ಗೊತ್ತಿದ್ದರೂ ವಕೀಲರು ತಮ್ಮ ಕಡೆಯ ವಾದವನ್ನೆಲ್ಲ ಸಾಕ್ಷಿಗೆ ಸೂಚಿಸಿಯೇ ಮುಗಿಸುತ್ತಾರೆ. ಸಾಕ್ಷಿ ಹೇಳಿದ ಮಹತ್ವದ ಸಂಗತಿಯನ್ನು ಪ್ರಶ್ನಿಸದೆ ಬಿಟ್ಟರೆ ಅದನ್ನು ಒಪ್ಪಿದಂತೆ ಎಂದು ಮುಂದೆ ವಾದ ಬರುತ್ತದೆ.

ಸಾಕ್ಷಿಕಟ್ಟೆಯಲ್ಲಿ ನಿಂತಾಗ ಪ್ರಶ್ನೆ ಪೂರ್ತಿ ಕೇಳಿ, ಅರ್ಥವಾಗದಿದ್ದರೆ ಮತ್ತೆ ಕೇಳಿ ಎಂದು ಹೇಳಿ. ಕೇಳಿದಷ್ಟಕ್ಕೆ ಉತ್ತರ. ನೆನಪಿಲ್ಲದ್ದಕ್ಕೆ 'ನೆನಪಿಲ್ಲ', ಆದರೆ ಎಲ್ಲದಕ್ಕೂ ಅದೇ ಬೇಡ. ನಿಮ್ಮ ವಕೀಲರ ಮುಖ ನೋಡಬೇಡಿ. ಕೊನೆಗೆ ಬೆರಳಚ್ಚಾದ ಹೇಳಿಕೆಯನ್ನು ಓದಿ ನೋಡಿಯೇ ಸಹಿ ಮಾಡಿ. 'ಸರಿಯಲ್ಲ' ಎಂದದ್ದು 'ಸರಿ' ಎಂದು ಬಿದ್ದಿದ್ದರೆ ಅಲ್ಲೇ, ಆಗಲೇ ನ್ಯಾಯಾಧೀಶರ ಗಮನಕ್ಕೆ ತನ್ನಿ.

ವಾಯಿದೆಗಳ ನಡುವೆ

ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ (ವಿಚಾರಣೆಯ ದಿನ) ಮತ್ತು ಹಂತ ಕಾಣುತ್ತದೆ. ವಾದಿ ಬಾರದಿದ್ದರೆ ದಾವೆ ವಜಾ, ಪ್ರತಿವಾದಿ ಬಾರದಿದ್ದರೆ ಏಕಪಕ್ಷೀಯ ವಿಚಾರಣೆ. ವಜಾ ಆದ ದಾವೆಯನ್ನಾಗಲಿ ಏಕಪಕ್ಷೀಯ ಡಿಕ್ರಿಯನ್ನಾಗಲಿ ಸರಿಪಡಿಸಲು ಅರ್ಜಿಗೆ 30 ದಿನ ಮಾತ್ರ.

ಯಾರಾದರೂ ಕಕ್ಷಿ ತೀರಿಕೊಂಡರೆ ಆ ವಾರವೇ ವಕೀಲರಿಗೆ ತಿಳಿಸಿ, ಎದುರು ಪಕ್ಷದವರಾದರೂ ಸರಿ. 90 ದಿನದೊಳಗೆ ವಾರಸುದಾರರನ್ನು ದಾವೆಗೆ ತರದಿದ್ದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ, ಎಬ್ಬಿಸಲು ಆಮೇಲೆ 60 ದಿನ. ವಕೀಲರಿಗೆ ಊರಿನ ಸಾವಿನ ಸುದ್ದಿ ತಾನಾಗಿ ಬರುವುದಿಲ್ಲ.

ವಕೀಲರನ್ನು ಬದಲಿಸಬೇಕೆನಿಸಿದರೆ ಅವರ ನಿರಾಕ್ಷೇಪಣೆ ಪಡೆದು ಹೊಸ ವಕಾಲತ್ತು ಹಾಕಬಹುದು, ಒಪ್ಪದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀಜು ಬಾಕಿ ಇದೆಯೆಂದು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದೆ. ಬಾಕಿಯನ್ನು ಅವರು ಬೇರೆ ದಾರಿಯಲ್ಲಿ ಕೇಳಬೇಕು.

ರಾಜಿಯ ಮಾತು ಯಾವ ಹಂತದಲ್ಲೂ ಬರಬಹುದು. ಲೋಕ ಅದಾಲತಿನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಆದರೆ ಆ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಹಾಗಾಗಿ ರಾಜಿ ಅರ್ಜಿಯ ಷೆಡ್ಯೂಲನ್ನು ವಾದಪತ್ರದಷ್ಟೇ ಎಚ್ಚರದಿಂದ ಓದಿ.

ತೀರ್ಪು ಬಂದ ಮೇಲೆ

ತೀರ್ಪಿನ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯದಂಥ ಕೆಳ ಹಂತದಲ್ಲಿ 30 ದಿನ, ಹೈಕೋರ್ಟಿಗಾದರೆ 90 ದಿನ. ನಕಲು ತಯಾರಿಸಲು ಕೋರ್ಟು ತೆಗೆದುಕೊಂಡ ದಿನಗಳು ಲೆಕ್ಕದಿಂದ ಕಳೆಯುತ್ತವೆ, ನೀವು ಅರ್ಜಿ ಹಾಕದೆ ಕಳೆದ ದಿನಗಳು ಕಳೆಯುವುದಿಲ್ಲ.

ಗೆದ್ದವರಿಗೂ ಕೆಲಸ ಉಳಿದಿದೆ. ಎದುರಿನವರು ತಾವಾಗಿ ಪಾಲಿಸದಿದ್ದರೆ 21ನೇ ಆದೇಶದಡಿ ಅಮಲ್ಜಾರಿ ಅರ್ಜಿ ಹಾಕಬೇಕು, ಅದಕ್ಕೆ 12 ವರ್ಷದ ಮಿತಿ. ಶಾಶ್ವತ ನಿರ್ಬಂಧಕಾಜ್ಞೆಯ ಡಿಕ್ರಿಗೆ ಆ ಮಿತಿ ಇಲ್ಲ. ಹಣದ ಡಿಕ್ರಿಯಾದರೆ ಎದುರಿನವರ ಆಸ್ತಿ, ಬ್ಯಾಂಕ್ ಖಾತೆ, ಕೆಲಸದ ವಿವರವನ್ನು ನೀವೇ ಹುಡುಕಿ ಕೊಡಬೇಕು. ವಿಭಾಗದ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಅದು ಯಾರಿಗೆ ಎಷ್ಟು ಪಾಲು ಎಂದು ಹೇಳುತ್ತದೆ, ಯಾವ ತುಂಡು ಯಾರದು ಎಂದು ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿಯ ಪ್ರಕ್ರಿಯೆ ನಡೆಯಬೇಕು: ಕಂದಾಯ ಜಮೀನನ್ನು ಸಂಹಿತೆಯ 54ನೇ ಕಲಂ ಪ್ರಕಾರ ಕಂದಾಯ ಅಧಿಕಾರಿಗಳು, ಮನೆ ನಿವೇಶನಗಳನ್ನು ಕೋರ್ಟ್ ಕಮಿಷನರ್ ಅಳೆದು ವಿಂಗಡಿಸುತ್ತಾರೆ. ಅಂತಿಮ ಡಿಕ್ರಿಯನ್ನು ಸ್ಟಾಂಪ್ ಕಾಗದದ ಮೇಲೆ ಬರೆಯಬೇಕಾದ್ದರಿಂದ ನಿಮ್ಮ ಪಾಲಿನ ಸುಂಕದ ಕಾಗದವನ್ನು ಕೋರ್ಟಿಗೆ ಒದಗಿಸಿ, ನಕಲು ಪಡೆದು, ಖಾತೆ ಬದಲಾವಣೆಗೆ ಅರ್ಜಿ ಕೊಡಿ.